ಅಪ್ಪನ ಟ್ರಂಕಿನಲ್ಲಿ ಸಿಕ್ಕ ನೀಲಿ ಕಲ್ಲು: ಯಾರಾದರೂ ಗುರುತು ಹಿಡಿಯುತ್ತೀರಾ?

ಕೋಟೆ ಕೆಳಗಿನವನು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಇಂಗಳದಾಳ ತಾಮ್ರದ ಗಣಿಯಲ್ಲಿ ಕೆಲಸಕ್ಕಿದ್ದರು. ತೀರಿಕೊಂಡು ಹನ್ನೊಂದು ವರ್ಷ ಆಯಿತು. ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಅವರ ಕಬ್ಬಿಣದ ಟ್ರಂಕು ಇಳಿಸಿದೆವು. ಸಂಬಳದ ಚೀಟಿಗಳು, ಹಳೇ ಪಂಚಾಂಗ, ಒಂದು ತುಕ್ಕು ಹಿಡಿದ ಸುತ್ತಿಗೆ. ತಳದಲ್ಲಿ ಹತ್ತಿ ಸುತ್ತಿದ ಒಂದು ಕಲ್ಲು.

ನಿಂಬೆಹಣ್ಣಿನ ಗಾತ್ರ ಇದೆ. ಕಲ್ಲು ಬೆಣಚುಕಲ್ಲಿನ ಹಾಗೆ ಬಿಳಿ, ಅಲ್ಲಲ್ಲಿ ತುಕ್ಕಿನ ಬಣ್ಣ. ಒಂದು ಕಡೆ ಸಣ್ಣ ಗುಳಿ. ಆ ಗುಳಿಯೊಳಗೆ ಕಡು ನೀಲಿ ಹರಳುಗಳು. ಒಡೆದ ಗಾಜಿನ ಚೂರು ನಿಲ್ಲಿಸಿದ ಹಾಗೆ ಉದ್ದುದ್ದ, ಒಂದೊಂದೂ ಅಕ್ಕಿ ಕಾಳಿಗಿಂತ ಸಣ್ಣವು. ಬಿಸಿಲಿಗೆ ಹಿಡಿದರೆ ಮೈ ಜುಂ ಅನ್ನುವಂಥ ನೀಲಿ. ಫೋಟೋದಲ್ಲಿ ಕಪ್ಪಾಗಿ ಬಂದಿದೆ, ಕ್ಷಮಿಸಿ.

ಜೊತೆಗೆ ಒಂದು ಚೀಟಿ ಇತ್ತು. ಮುಕ್ಕಾಲು ಗೆದ್ದಲು ತಿಂದಿದೆ. ಇಂಗ್ಲಿಷಿನಲ್ಲಿ 'ರೆಡ್ ಗಿಲ್' ಅಂತ ಒಂದು ಸಾಲು, ಕೆಳಗೆ 'ಕಂಬ' ಅನ್ನುವಷ್ಟು ಉಳಿದಿದೆ. ಅಕ್ಷರ ಅಪ್ಪನದ್ದಲ್ಲ. ಕಲ್ಲು ನೀಲಿ, ಚೀಟಿಯಲ್ಲಿ ರೆಡ್. ಏನಿದು?

ಬೆಣ್ಣೆದೋಸೆ (ದಾವಣಗೆರೆ)

ಕಂಬ ಅಂದರೆ ಕೋಟೆಯ ಉಯ್ಯಾಲೆ ಕಂಬ ಇರಬೇಕು ಅಣ್ಣ. ಅಲ್ಲಿಂದ ಕೆತ್ತಿಕೊಂಡು ಬಂದಿದ್ದಾರೆ. ಪುರಾತತ್ವ ಇಲಾಖೆಯವರು ನೋಡುವ ಮೊದಲು ಪೋಸ್ಟ್ ಅಳಿಸಿಬಿಡಿ.

ತಮಾಷೆ ಬಿಡಿ, ಇದು ನೀಲಮಣಿ ಅಲ್ವಾ? ನನಗೆ ಸಾಡೇಸಾತಿ ನಡೀತಿದೆ. ಉಂಗುರ ಮಾಡಿಸಬಹುದಾ?

ಜೋಗಿಮಟ್ಟಿ ಗಾಳಿ

ಉಂಗುರ ಮಾಡಿಸಿದರೆ ಮೊದಲ ದಿನ ಪಾತ್ರೆ ತೊಳೆಯುವಾಗಲೇ ಪುಡಿಯಾಗುತ್ತದೆ. ನೀಲಮಣಿಯ ಗಡಸುತನ 9. ತಾಮ್ರದ ನೀಲಿ ಖನಿಜಗಳು ಸಾಮಾನ್ಯವಾಗಿ 4 ದಾಟುವುದಿಲ್ಲ.

ನನ್ನ ಊಹೆ ಅಜುರೈಟ್. ತಾಮ್ರದ ಗಣಿ, ಕಡು ನೀಲಿ, ಹರಳು. ಇನ್ನೇನು ಬೇಕು? ಹಿಂದಿನ ಕಾಲದಲ್ಲಿ ಯುರೋಪಿನ ಚಿತ್ರಕಾರರು ಅಜುರೈಟನ್ನೇ ಪುಡಿ ಮಾಡಿ ನೀಲಿ ಬಣ್ಣ ಮಾಡುತ್ತಿದ್ದರು.

ಚನ್ನಗಿರಿ ತೋಟ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದು ಮೈಲುತುತ್ತ. ನಾವು ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಹೊಡೆಯುತ್ತೇವಲ್ಲ, ಅದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹರಳು ನೋಡಿದರೆ ನಿಮ್ಮ ಫೋಟೋದಲ್ಲಿರುವ ಹಾಗೇ ಇರುತ್ತದೆ. ನೀರಿಗೆ ಹಾಕಿ ನೋಡಿ, ಕರಗಿದರೆ ನಾನು ಹೇಳಿದ್ದು ಸರಿ.

ಜೋಗಿಮಟ್ಟಿ ಗಾಳಿ

ದಯವಿಟ್ಟು ನೀರಿಗೆ ಹಾಕಬೇಡಿ!!!

ಈ ತಪ್ಪು ನಾನು ಮಾಡಿದ್ದೇನೆ. ಎರಡು ವರ್ಷದ ಹಿಂದೆ ಆನ್‌ಲೈನಿನ ಒಂದು ಅಂಗಡಿಯಿಂದ 'ಅಪರೂಪದ ನೈಸರ್ಗಿಕ ಚಾಲ್ಕಾಂತೈಟ್' ಅಂತ 1,800 ರೂಪಾಯಿ ಕೊಟ್ಟು ತರಿಸಿದೆ. ಬಂದಾಗ ಧೂಳಿತ್ತು. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ನಲ್ಲಿ ಕೆಳಗೆ ಹಿಡಿದೆ. ಎರಡೇ ನಿಮಿಷ. ನೀಲಿಯೆಲ್ಲ ಸಿಂಕಿನ ತೂತಿನಲ್ಲಿ ಹೋಯಿತು, ಕೈಯಲ್ಲಿ ಒಂದು ಬೋಳು ಜಲ್ಲಿಕಲ್ಲು ಉಳಿಯಿತು. ಅಮ್ಮ ಬಂದು, 'ಚೆನ್ನಾಗಿ ತೊಳೆದಿದೀಯ' ಅಂದರು.

ಆಮೇಲೆ ಗೊತ್ತಾಯಿತು. ಚಾಲ್ಕಾಂತೈಟ್ ಅಂದರೆ ಪ್ರಕೃತಿಯಲ್ಲಿ ತಾನಾಗಿ ಆದ ಮೈಲುತುತ್ತ. ಅದೂ ನೀರಿನಲ್ಲಿ ಕರಗುತ್ತದೆ. ನನಗೆ ಬಂದದ್ದು ಬಹುಶಃ ಅದೂ ಅಲ್ಲ. ಯಾರೋ ಬಕೆಟ್ಟಿನಲ್ಲಿ ಕಲ್ಲಿನ ಮೇಲೆ ಬೆಳೆಸಿದ್ದು. ಮಾರುಕಟ್ಟೆಯಲ್ಲಿ ಹೀಗೆ ಬೆಳೆಸಿದವು ಜಾಸ್ತಿ.

ಚನ್ನಗಿರಿ ತೋಟ

ಅಯ್ಯೋ ತಂಗಿ, ಆ ದುಡ್ಡಿಗೆ ನಾನು ಕಿಲೋಗಟ್ಟಲೆ ಕೊಡಿಸುತ್ತಿದ್ದೆ.

ಹಳೇ ಶಿಫ್ಟ್

ನಾನೂ ಇಂಗಳದಾಳದಲ್ಲಿ ಒಳಗೆ ಇಳಿದು ಕೆಲಸ ಮಾಡಿದವನು. ಕೋಟೆಯವರೇ, ನಿಮ್ಮ ತಂದೆಯವರು ನನಗೆ ಗೊತ್ತಿರಬಹುದು, ಇಲ್ಲಿ ಹೆಸರು ಬೇಡ.

ನಮ್ಮ ಅದಿರು ಹಿತ್ತಾಳೆ ಬಣ್ಣದ್ದು. ಅದನ್ನು ಚಾಲ್ಕೋಪೈರೈಟ್ ಅಂತಾರೆ. ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು. ಜೊತೆಗೆ ಪೈರೈಟ್ ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ಅದನ್ನು ಚಿನ್ನ ಅಂದುಕೊಂಡು ಚಡ್ಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನೀಲಿ ಅಂದರೆ ನಾವು ನೋಡಿದ್ದು ನೀರು ಜಿನುಗುವ ಗೋಡೆಗಳ ಮೇಲೆ. ಹಳೇ ಸುರಂಗಗಳಲ್ಲಿ ಗೋಡೆಗೆ ನೀಲಿ, ಹಸಿರು ಪೊರೆ ಕಟ್ಟಿರುತ್ತಿತ್ತು. ಬೆರಳಿಗೆ ಅಂಟುತ್ತಿತ್ತು. ಆ ನೀರು ನಿಂತ ಕಡೆ ಕಬ್ಬಿಣದ ಸಲಿಕೆ ಮರೆತು ಬಂದರೆ ಮುಂದಿನ ವಾರ ಸಲಿಕೆ ಕೆಂಪಾಗಿರುತ್ತಿತ್ತು. ತುಕ್ಕಲ್ಲ, ತಾಮ್ರ.

ಆದರೆ ಫೋಟೋದಲ್ಲಿರುವಂಥ ಹರಳು ನಾನು ಒಂದು ದಿನವೂ ಅಲ್ಲಿ ನೋಡಿಲ್ಲ.

ಚನ್ನಗಿರಿ ತೋಟ

ಸಲಿಕೆ ಮಾತು ನೂರಕ್ಕೆ ನೂರು ನಿಜ. ನಾವು ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ನೋಡುವುದೇ ಹೀಗೆ. ಕುಡುಗೋಲು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತೇವೆ. ಕೆಂಪಾದರೆ ಸುಣ್ಣ ಕಮ್ಮಿ ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಇಲ್ಲದಿದ್ದರೆ ಗೊನೆ ಸುಟ್ಟು ಹೋಗುತ್ತದೆ.

ಕಲ್ಲು ಮೇಷ್ಟ್ರು

ತಡವಾಗಿ ಬಂದೆ. ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ ಬಣ್ಣ ಹಿಡಿದುಕೊಂಡು ಹೋಗುತ್ತಿದ್ದೀರಿ. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದ ನನಗೆ ಇದೊಂದು ಹಳೇ ತಲೆನೋವು. ನೀಲಿ ಅನ್ನುವುದು ಕಲ್ಲಿನ ಹೆಸರಲ್ಲ. ತಾಮ್ರ ಯಾವ ಜೊತೆಗಾರನ ಸಂಗಡ ಸೇರಿದರೂ ಬಹುಮಟ್ಟಿಗೆ ನೀಲಿ ಇಲ್ಲವೇ ಹಸಿರು ಆಗುತ್ತದೆ. ಬೆಳಕಿನಲ್ಲಿರುವ ಕೆಂಪನ್ನು ಅದು ನುಂಗಿಕೊಳ್ಳುತ್ತದೆ, ನಮಗೆ ಉಳಿದದ್ದು ಕಾಣುತ್ತದೆ, ಅಷ್ಟೇ. ಜೊತೆಗಾರ ಯಾರು ಅನ್ನುವುದೇ ಪ್ರಶ್ನೆ.

ಮನೆಯ ತಾಮ್ರದ ಚೊಂಬು ನೆನಪಿಸಿಕೊಳ್ಳಿ. ಒದ್ದೆ ಬಿಟ್ಟರೆ ಹಸಿರು ಕಿಲುಬು ಹತ್ತುತ್ತದೆ. ಅದಿರಿಗೂ ಹಾಗೇ. ಭೂಮಿಯ ಆಳದಲ್ಲಿರುವ ಹಿತ್ತಾಳೆ ಬಣ್ಣದ ಅದಿರು ಮೇಲಕ್ಕೆ ಬಂದು ಮಳೆ ನೀರು, ಗಾಳಿ ತಾಗಿದಾಗ ಒಡೆಯುತ್ತದೆ. ಅದರೊಳಗಿನ ಗಂಧಕ ಸಲ್ಫೇಟ್ ಆಗುತ್ತದೆ, ತಾಮ್ರ ನೀರಿಗೆ ಇಳಿಯುತ್ತದೆ. ಹಳೇ ಶಿಫ್ಟ್ ನೋಡಿದ ನೀಲಿ ನೀರು ಇದೇ. ಸ್ಪೇನಿನ ರಿಯೋ ಟಿಂಟೋದಲ್ಲಿ ಇಂಥ ನೀರಿಗೆ ಗುಜರಿ ಕಬ್ಬಿಣ ಹಾಕಿ ತಾಮ್ರ ತೆಗೆಯುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದರು. ಆ ನೀರು ಹರಿಯುವ ದಾರಿಯಲ್ಲಿ ಯಾರು ಸಿಗುತ್ತಾರೋ ಅವರ ಸಂಗಡ ಸೇರಿ ಹೊಸ ಖನಿಜ ಹುಟ್ಟುತ್ತದೆ. ಇವುಗಳನ್ನೇ ನಾವು ದ್ವಿತೀಯಕ ಖನಿಜ ಅನ್ನುವುದು. ಗಣಿಯ ಕಿಲುಬು ಅಂದರೂ ನನ್ನ ಅಡ್ಡಿಯಿಲ್ಲ.

ಸುಣ್ಣಕಲ್ಲು, ಕಾರ್ಬೊನೇಟ್ ಸಿಕ್ಕರೆ ಹಸಿರು ಮಲಾಕೈಟ್, ನೀಲಿ ಅಜುರೈಟ್. ಏನೂ ಸಿಗದೆ ಗೋಡೆಯ ಮೇಲೆ ಒಣಗಿದರೆ ಮೈಲುತುತ್ತ. ಆದರೆ ಅದೇ ಜಾಗದಲ್ಲಿ ಸೀಸದ ಅದಿರೂ ಇದ್ದು, ಸಲ್ಫೇಟ್ ಜಾಸ್ತಿ, ಕಾರ್ಬೊನೇಟ್ ಕಮ್ಮಿ ಇದ್ದರೆ? ಆಗ ತಾಮ್ರ, ಸೀಸ ಎರಡೂ ಒಂದೇ ಹರಳಿನಲ್ಲಿ ಕೂರುತ್ತವೆ. ಅದರ ಹೆಸರು ಲಿನಾರೈಟ್. ಇಷ್ಟೆಲ್ಲ ಕೂಡಿ ಬರುವುದು ಅಪರೂಪ. ಬಂದರೂ ಹರಳು ಸಣ್ಣದು.

ಈಗ ಚೀಟಿಗೆ ಬರುತ್ತೇನೆ. ನನಗೆ ಕಲ್ಲಿಗಿಂತ ಚೀಟಿ ನೋಡಿ ಖುಷಿಯಾಯಿತು. ರೆಡ್ ಗಿಲ್ ಬಣ್ಣವಲ್ಲ, ಊರಿನ ಕಡೆಯ ಹೆಸರು. ಇಂಗ್ಲೆಂಡಿನ ಉತ್ತರಕ್ಕೆ ಕಾಲ್ಡ್‌ಬೆಕ್ ಅನ್ನುವ ಊರಿನ ಗುಡ್ಡಗಳಲ್ಲಿರುವ ಹಳೇ ಗಣಿ. ಆ ಕಡೆ 'ಗಿಲ್' ಅಂದರೆ ಗುಡ್ಡದ ಸಂದಿನ ಹಳ್ಳ. 'ಕಂಬ' ಅಂದರೆ ಕಂಬರ್‌ಲೆಂಡ್, ಅಲ್ಲಿನ ಜಿಲ್ಲೆ. ಲಿನಾರೈಟ್ ಕೂಡಿಸುವವರಿಗೆ ರೆಡ್ ಗಿಲ್ ಅಂದರೆ ನಮಗೆ ದಾವಣಗೆರೆ ಅಂದ ಕೂಡಲೇ ದೋಸೆ ನೆನಪಾದ ಹಾಗೆ.

ಬೆಣ್ಣೆದೋಸೆ (ದಾವಣಗೆರೆ)

ಕೊನೆಗೂ ವಿಜ್ಞಾನ ನನ್ನ ಮಟ್ಟಕ್ಕೆ ಬಂತು.

ಕೋಟೆ ಕೆಳಗಿನವನು (ಚಿತ್ರದುರ್ಗ)

ಮೇಷ್ಟ್ರೇ, ನಾನು ಆ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದ್ದೆ. ಮಗಳು ಎತ್ತಿ ಇಟ್ಟಿದ್ದಳು. ಈಗ ಕೈ ನಡುಗುತ್ತಿದೆ.

ಆದರೆ ಒಂದು ಅನುಮಾನ. ಚೀಟಿ ಇನ್ಯಾವುದೋ ಕಲ್ಲಿನದ್ದು, ಕಲ್ಲು ಇಂಗಳದಾಳದ್ದೇ ಆಗಿರಬಹುದಲ್ವಾ? ನಮ್ಮ ಗಣಿಯಲ್ಲಿ ಸೀಸ ಇರಲಿಲ್ವಾ?

ಕಲ್ಲು ಮೇಷ್ಟ್ರು

ಒಳ್ಳೇ ಅನುಮಾನ. ಇಂಗಳದಾಳದ ಅದಿರಿನಲ್ಲಿ ಚಾಲ್ಕೋಪೈರೈಟ್, ಪೈರೈಟ್, ಪಿರೊಟೈಟ್ ಮುಖ್ಯ. ಸತುವಿನ ಸ್ಫಾಲರೈಟ್ ಇದೆ, ಸೀಸದ ಗೆಲೀನಾ ಬಹಳ ಸ್ವಲ್ಪ. ಇವೆಲ್ಲ ಕೂತಿರುವುದು ಹಳೇ ಲಾವಾ ಕಲ್ಲಿನಲ್ಲಿ. ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಕಾಣುವ ಬಂಡೆ ನೋಡಿದ್ದೀರಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡು ಇದೆ. ಸಮುದ್ರದ ತಳದಲ್ಲಿ ಉಕ್ಕಿ ನೀರಿಗೆ ತಾಗಿ ಗಟ್ಟಿಯಾದ ಲಾವಾ ಅದು. ಎರಡೂವರೆ ನೂರು ಕೋಟಿ ವರ್ಷಕ್ಕೂ ಹಳೆಯದು. ಇಂಗಳದಾಳದ ಕಲ್ಲು ಅದೇ ವಂಶದ್ದು. ಕೋಟೆಯ ಗ್ರಾನೈಟು ಬೇರೆ ಕಥೆ.

ಸಿಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಕಲ್ಲಿನ ಬೆಣಚು, ಗುಳಿ, ಹರಳಿನ ಅಂದ ಎಲ್ಲ ರೆಡ್ ಗಿಲ್ ಕಡೆಗೇ ಹೇಳುತ್ತಿವೆ. ಮೊದಲು ಲಿನಾರೈಟ್ ಹೌದೋ ಅಲ್ಲವೋ ನೋಡೋಣ. ಕಣ್ಣಿಗೆ ಅಜುರೈಟೂ ಲಿನಾರೈಟೂ ಅವಳಿ ಜವಳಿ. ಮ್ಯೂಸಿಯಂಗಳಲ್ಲೇ ಅದಲುಬದಲಾಗಿ ಕೂತಿರುತ್ತವೆ.

ತೂಕದಿಂದ ಹೇಳಬಹುದಿತ್ತು. ಲಿನಾರೈಟ್ ನೀರಿಗಿಂತ 5.3 ಪಟ್ಟು ಭಾರ, ಅಜುರೈಟ್ 3.8 ಪಟ್ಟು. ಆದರೆ ನಿಮ್ಮಲ್ಲಿ ಕಲ್ಲೇ ಜಾಸ್ತಿ, ಹರಳು ಕಮ್ಮಿ. ತಕ್ಕಡಿ ಕೆಲಸಕ್ಕೆ ಬರುವುದಿಲ್ಲ. ಉಗುರಿನಲ್ಲಿ ಗೀರಿ ನೋಡಬಹುದು, ಲಿನಾರೈಟ್ ಗಡಸುತನ 2.5 ಮಾತ್ರ, ಅಜುರೈಟ್ 3.5ರಿಂದ 4. ಆದರೆ ಇಂಥ ಹರಳನ್ನು ಗೀರುವ ಮನಸ್ಸು ಯಾರಿಗೆ ಬರುತ್ತದೆ? ಹತ್ತಿಯಲ್ಲಿ ಉದುರಿದ ಚೂರು ಏನಾದರೂ ಇದ್ದರೆ ಹುಡುಕಿ.

ಕೋಟೆ ಕೆಳಗಿನವನು (ಚಿತ್ರದುರ್ಗ)

ಹತ್ತಿ ಬಿಡಿಸಿ ನೋಡಿದೆ. ಸಾಸಿವೆಯ ಅರ್ಧದಷ್ಟಿರುವ ನಾಲ್ಕು ಚೂರು ಸಿಕ್ಕಿವೆ. ಅಕ್ಕಸಾಲಿಗ ಗೆಳೆಯನ ಭೂತಗನ್ನಡಿಯಲ್ಲಿ ನೋಡಿದರೆ ನೀಲಿ ಪಟ್ಟಿಯ ಹಾಗೆ, ಒಂದು ಮೈ ಕನ್ನಡಿಯಷ್ಟು ನುಣುಪು. ಕಲ್ಲಿನ ಒಂದು ಅಂಚಿನಲ್ಲಿ ತಿಳಿ ಹಸಿರು ನೀಲಿಯ ಸಣ್ಣ ಹರಳೂ ಇದೆ, ಮೊದಲು ಕಂಡಿರಲಿಲ್ಲ.

ಹಳೇ ಹುಣಸೆಹಣ್ಣು ಹಾಕಿ ತಾಮ್ರದ ಬಿಂದಿಗೆ ತಿಕ್ಕುವ ಹಾಗೆ ಇದನ್ನೂ ತಿಕ್ಕಿದರೆ ಹೊಳಪು ಬರುತ್ತದಾ ಅಂತ ನಮ್ಮತ್ತೆ ಕೇಳುತ್ತಿದ್ದಾರೆ.

ಕಲ್ಲು ಮೇಷ್ಟ್ರು

ಅತ್ತೆಯವರಿಗೆ ನಮಸ್ಕಾರ ಹೇಳಿ. ಹುಣಸೆಹಣ್ಣು ಬಿಂದಿಗೆಯ ಕಿಲುಬನ್ನು ತಿನ್ನುತ್ತದೆ. ಇಲ್ಲಿ ಕಿಲುಬೇ ನಮ್ಮ ಒಡವೆ. ಹತ್ತಿರವೂ ತರಬೇಡಿ.

ಆ ಹಸಿರು ನೀಲಿ ಕ್ಯಾಲೆಡೊನೈಟ್ ಇರಬಹುದು. ಅದರಲ್ಲೂ ತಾಮ್ರ, ಸೀಸ ಎರಡೂ ಇವೆ. ರೆಡ್ ಗಿಲ್‌ನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ.

ಲ್ಯಾಬ್ ಅಕ್ಕ (ದಾವಣಗೆರೆ)

ನಾನು ಪಿಯುಸಿ ಮಕ್ಕಳಿಗೆ ರಸಾಯನ ವಿಜ್ಞಾನ ಹೇಳಿಕೊಡುವವಳು. ಕೋಟೆಯವರೇ, ಆ ಚೂರುಗಳಲ್ಲಿ ಎರಡನ್ನು ಕಳಿಸಿದರೆ ನಮ್ಮ ಲ್ಯಾಬಿನಲ್ಲಿ ನೋಡುತ್ತೇನೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಸಾಕು. ಅಜುರೈಟ್ ಕಾರ್ಬೊನೇಟ್ ಆದ್ದರಿಂದ ಸೋಡಾ ಬಾಟಲಿ ತೆರೆದ ಹಾಗೆ ನೊರೆ ಬರುತ್ತದೆ. ಲಿನಾರೈಟ್ ಸಲ್ಫೇಟ್, ನೊರೆ ಬರಬಾರದು.

ಮನೆಯಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಯಾರೂ ಪ್ರಯೋಗ ಮಾಡಬೇಡಿ. ಮುಖ್ಯವಾಗಿ ಇಡೀ ಕಲ್ಲಿಗೆ ಹಾಕಬೇಡಿ.

ಚನ್ನಗಿರಿ ತೋಟ

ನಡುವೆ ಒಂದು ಪ್ರಶ್ನೆ. ಅಜುರೈಟ್ ಹಸಿರಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ನಿಜವಾ?

ಕಲ್ಲು ಮೇಷ್ಟ್ರು

ನಿಜ. ಕಾಲ ಕಳೆದಂತೆ ಒಳಗಿನ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಬಿಟ್ಟುಕೊಟ್ಟು ನೀರು ಹಿಡಿದುಕೊಂಡು ಮಲಾಕೈಟ್ ಆಗುತ್ತದೆ. ಹೊರಗಿನ ಆಕಾರ ಅಜುರೈಟಿನದ್ದೇ, ಒಳಗೆ ಹಸಿರು. ಅಂಥ ಹರಳುಗಳೂ ಸಿಗುತ್ತವೆ. ನಮ್ಮ ದೇಶದಲ್ಲಿ ಮಲಾಕೈಟ್ ನೋಡಬೇಕೆಂದರೆ ರಾಜಸ್ಥಾನದ ಖೇತ್ರಿ, ಮಧ್ಯಪ್ರದೇಶದ ಮಲಾಂಜ್‌ಖಂಡ್ ಕಡೆಯ ತಾಮ್ರದ ಗಣಿಗಳಿವೆ.

ಲ್ಯಾಬ್ ಅಕ್ಕ (ದಾವಣಗೆರೆ)

ಎರಡು ಚೂರು ಬಂದು ತಲುಪಿದವು. ಇವತ್ತು ಮಧ್ಯಾಹ್ನ ಮಕ್ಕಳ ಪ್ರಾಕ್ಟಿಕಲ್ ಮುಗಿದ ಮೇಲೆ ಕೂತೆ.

ಮೊದಲ ಚೂರನ್ನು ವಾಚ್ ಗ್ಲಾಸಿನ ಮೇಲಿಟ್ಟು ಭೂತಗನ್ನಡಿ ಹಿಡಿದು ಒಂದು ಹನಿ ಆಸಿಡ್ ಬಿಟ್ಟೆ. ಕಾದೆ. ಒಂದೇ ಒಂದು ಗುಳ್ಳೆ ಏಳಲಿಲ್ಲ. ಹೋಲಿಕೆಗೆ ಪಕ್ಕದಲ್ಲಿ ಸೀಮೆಸುಣ್ಣದ... ಅಲ್ಲ, ಅದು ಈಗ ಜಿಪ್ಸಂ, ನೊರೆ ಬರುವುದಿಲ್ಲ. ಅಮೃತಶಿಲೆಯ ಚೂರು ಇಟ್ಟಿದ್ದೆ. ಅದು ಬುಸ್ ಅಂತ ನೊರೆಯಾಯಿತು. ಅಂದರೆ ಆಸಿಡ್ ಸರಿಯಾಗಿದೆ.

ಆಮೇಲೆ ನೋಡಿದ್ದು ಚೆಂದ. ನೀಲಿ ಚೂರು ನಿಧಾನವಾಗಿ ಬೆಳ್ಳಗಾಯಿತು. ಹಾಲಿನ ಕೆನೆ ಕಟ್ಟಿದ ಹಾಗೆ ಮೈಮೇಲೆ ಬಿಳಿ ಪೊರೆ. ಹನಿ ಮಾತ್ರ ಹಸಿರಾಯಿತು, ತಾಮ್ರ ಹೊರಗೆ ಬಂದಿದೆ. ಬಿಳಿ ಪೊರೆ ಸೀಸದ ಕ್ಲೋರೈಡ್ ಇರಬೇಕು. ಪಿಯುಸಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆ ನೆನಪಿರುತ್ತದೆ, ಸೀಸದ ಕ್ಲೋರೈಡ್ ತಣ್ಣೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಬಿಸಿನೀರಿನಲ್ಲಿ ಕರಗುತ್ತದೆ.

ಅದನ್ನೂ ನೋಡಿಬಿಡೋಣ ಅಂತ ಎರಡನೇ ಚೂರಿಗೂ ಹೀಗೇ ಮಾಡಿ, ತಣ್ಣೀರಿನಲ್ಲಿ ತೊಳೆದು ತಾಮ್ರವನ್ನೆಲ್ಲ ಕಳೆದೆ. ತಾಮ್ರ ಉಳಿದರೆ ಮುಂದಿನ ಪರೀಕ್ಷೆಗೆ ಅಡ್ಡ ಬರುತ್ತದೆ, ಎಲ್ಲ ಕಂದು ಬಣ್ಣವಾಗುತ್ತದೆ. ಉಳಿದ ಬಿಳಿಗೆ ಎರಡು ಹನಿ ಬಿಸಿನೀರು, ಆ ನೀರಿಗೆ ಪೊಟ್ಯಾಷಿಯಂ ಅಯೋಡೈಡ್. ತೆಳುವಾಗಿ ಅರಿಸಿನದ ಹಳದಿ ಬಂತು. ಸೀಸ ಇದೆ.

ತಾಮ್ರ ಇದೆ, ಸೀಸ ಇದೆ, ಕಾರ್ಬೊನೇಟ್ ಇಲ್ಲ, ಬಣ್ಣ ಕಡು ನೀಲಿ. ಮೇಷ್ಟ್ರೇ, ನಿಮಗೇ ಬಿಡುತ್ತೇನೆ.

ಕಲ್ಲು ಮೇಷ್ಟ್ರು

ಲಿನಾರೈಟ್. ಮುದ್ರೆ ಒತ್ತಬೇಕೆಂದರೆ ಎಕ್ಸ್-ರೇ ಮಾಡಿಸಬೇಕು, ಆದರೆ ನಾನಾದರೆ ಚೀಟಿ ಬರೆದುಬಿಡುತ್ತೇನೆ.

ಹೆಸರು ಬಂದದ್ದು ಸ್ಪೇನಿನ ಲಿನಾರೆಸ್ ಊರಿನಿಂದ, 1839ರಲ್ಲಿ ಗ್ಲಾಕರ್ ಅನ್ನುವವರು ಇಟ್ಟದ್ದು. ಆ ಊರು ಸೀಸದ ಗಣಿಗಳಿಗೆ ಹೆಸರುವಾಸಿ. ಅಮೆರಿಕದ ಅರಿಜೋನಾದಲ್ಲಿ ಟೈಗರ್ ಅನ್ನುವ ಕಡೆ ದೊಡ್ಡ ಹರಳು ಸಿಕ್ಕಿವೆ, ನ್ಯೂ ಮೆಕ್ಸಿಕೋದ ಬ್ಲಾಂಚರ್ಡ್ ಗಣಿಯಲ್ಲೂ ಸಿಗುತ್ತದೆ. ಆದರೆ ಹಳಬರಿಗೆ ರೆಡ್ ಗಿಲ್ ಮೇಲೇ ಪ್ರೀತಿ.

ಇನ್ನೊಂದು ಮಾತು. ಇದರಲ್ಲಿ ಸೀಸ ಇದೆ ಅನ್ನುವುದನ್ನು ಮರೆಯಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದ ಹಾಗೆ ಗಾಜಿನ ಡಬ್ಬಿಯಲ್ಲಿಡಿ. ಪುಡಿ ಮಾಡುವುದು, ನಾಲಿಗೆಗೆ ಹಚ್ಚಿ ನೋಡುವುದು ಬೇಡ. ನಗಬೇಡಿ, ಕಲ್ಲು ನೆಕ್ಕಿ ಗುರುತು ಹಿಡಿಯುವ ಭೂವಿಜ್ಞಾನಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಣ್ಣೆದೋಸೆ (ದಾವಣಗೆರೆ)

ಹಾಗಾದರೆ ಈ ಭಾನುವಾರ ಎಲ್ಲರೂ ಇಂಗಳದಾಳಕ್ಕೆ ಹೋಗಿ ನಮ್ಮದೇ ಲಿನಾರೈಟ್ ಹುಡುಕೋಣವಾ? ಬುತ್ತಿ ನನ್ನದು.

ಹಳೇ ಶಿಫ್ಟ್

ಬೇಡ ತಮ್ಮ. ನಿಂತ ಗಣಿಯೊಳಗೆ ಕಾಲಿಡಬೇಡಿ. ಮೇಲಿನ ಕಲ್ಲು ಯಾವಾಗ ಬೀಳುತ್ತದೋ ಹೇಳುವುದಕ್ಕಾಗುವುದಿಲ್ಲ, ಒಳಗೆ ನೀರು ಎಷ್ಟಿದೆಯೋ ಗೊತ್ತಾಗುವುದಿಲ್ಲ, ಗಾಳಿಯೂ ಕೆಟ್ಟಿರುತ್ತದೆ. ಅಪ್ಪಣೆಯಿಲ್ಲದೆ ಹೋಗುವುದು ತಪ್ಪು ಕೂಡ. ಮರಡಿಹಳ್ಳಿಗೆ ಹೋಗಿ, ದಿಂಬು ಬಂಡೆ ನೋಡಿ ಬನ್ನಿ. ಸುತ್ತಿಗೆ ಮನೆಯಲ್ಲೇ ಬಿಟ್ಟು ಹೋಗಿ.

ಜೋಗಿಮಟ್ಟಿ ಗಾಳಿ

ಅಜುರೈಟ್ ಅಂದವಳು ನಾನು. ಸೋತೆ. ಆದರೆ ಒಂದು ಪ್ರಶ್ನೆ ಉಳಿಯಿತು. ಇಂಗ್ಲೆಂಡಿನ ಹಳ್ಳದ ಕಲ್ಲು ಚಿತ್ರದುರ್ಗದ ಅಟ್ಟಕ್ಕೆ ಹೇಗೆ ಬಂತು?

ಕಲ್ಲು ಮೇಷ್ಟ್ರು

ಚೀಟಿಯಲ್ಲಿ ಒಂದು ಸುಳಿವಿದೆ. ಕಂಬರ್‌ಲೆಂಡ್ ಅನ್ನುವ ಜಿಲ್ಲೆಯನ್ನು 1974ರಲ್ಲಿ ಕಂಬ್ರಿಯಾಕ್ಕೆ ಸೇರಿಸಿದರು. ಹಾಗಾಗಿ ಚೀಟಿ ಅದಕ್ಕೂ ಹಳೆಯದಿರಬಹುದು. ಪೂರ್ತಿ ನಂಬುವ ಹಾಗಿಲ್ಲ. ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾದರೂ ನಮ್ಮ ಭಾವ ಇವತ್ತಿಗೂ ವಿಳಾಸ ಬರೆಯುವಾಗ ಚಿತ್ರದುರ್ಗ ಜಿಲ್ಲೆ ಅಂತಲೇ ಬರೆಯುತ್ತಾರೆ.

ಚನ್ನಗಿರಿ ತೋಟ

ನಾವಂತೂ ಶಿವಮೊಗ್ಗದಿಂದ ಬಂದವರು. ನಮ್ಮಜ್ಜಿ ಕೊನೆಯವರೆಗೂ ಒಪ್ಪಲಿಲ್ಲ.

ಕೋಟೆ ಕೆಳಗಿನವನು (ಚಿತ್ರದುರ್ಗ)

ಅಮ್ಮನನ್ನು ಕೇಳಿದೆ. ಇಷ್ಟು ದಿನ ಕೇಳಬೇಕು ಅಂತ ಹೊಳೆಯಲೇ ಇಲ್ಲ ನೋಡಿ.

ಗಣಿ ನೋಡಲು ಹೊರಗಿನಿಂದ ಒಬ್ಬ ಇಂಜಿನಿಯರ್ ಬಂದಿದ್ದರಂತೆ, ವಯಸ್ಸಾದವರು. ಅಪ್ಪನಿಗೆ ಕಲ್ಲಿನ ಹುಚ್ಚು ಇತ್ತಲ್ಲ, ಅವರಿಗೂ ಇತ್ತಂತೆ. ಅಪ್ಪನ ಹತ್ತಿರ ಪೈರೈಟಿನ ಒಂದು ಗಡ್ಡೆ ಇತ್ತು, ದಾಳದ ಹಾಗೆ ಚೌಕ ಚೌಕ ಹರಳು. ಅದನ್ನು ಅವರಿಗೆ ಕೊಟ್ಟು ಇದನ್ನು ಈಸಿಕೊಂಡು ಬಂದರಂತೆ. ಅಮ್ಮನ ಮಾತು ಹಾಗೇ ಬರೆಯುತ್ತೇನೆ: 'ಬಂಗಾರದ ಹಾಗೆ ಫಳಫಳ ಅನ್ನುವ ಕಲ್ಲು ಕೊಟ್ಟು, ಇಷ್ಟು ಮೈಲುತುತ್ತ ಹತ್ತಿದ ಕಲ್ಲು ತಂದರಲ್ಲ ಅಂತ ನಾನು ಮೂರು ದಿನ ಮಾತು ಬಿಟ್ಟಿದ್ದೆ.'

ಚನ್ನಗಿರಿ ತೋಟ

ನೋಡಿದಿರಾ, ಅಮ್ಮನೂ ನನ್ನ ಪಾರ್ಟಿ.

ಕೋಟೆ ಕೆಳಗಿನವನು (ಚಿತ್ರದುರ್ಗ)

ಗಾಜಿನ ಡಬ್ಬಿ ತಂದೆ. ಹೊಸ ಚೀಟಿ ಬರೆದೆ: 'ಲಿನಾರೈಟ್, ಬೆಣಚುಕಲ್ಲಿನ ಮೇಲೆ. ರೆಡ್ ಗಿಲ್ ಗಣಿ, ಕಾಲ್ಡ್‌ಬೆಕ್, ಇಂಗ್ಲೆಂಡ್. ಅಪ್ಪ ಇಂಗಳದಾಳದಲ್ಲಿ ಪೈರೈಟ್ ಕೊಟ್ಟು ಪಡೆದದ್ದು.' ಹಳೇ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೆಳಗೆ ಇಟ್ಟಿದ್ದೇನೆ. ಫೋಟೋ ನೋಡಿ.

ಕಲ್ಲು ಮೇಷ್ಟ್ರು

ಚೆನ್ನಾಗಿದೆ. ಆದರೆ ಪಡೆದ ವರ್ಷ ಬರೆದಿಲ್ಲ. ನಮ್ಮ ಮಕ್ಕಳಿಗೆ ಇದಕ್ಕೇ ಅರ್ಧ ಅಂಕ ಕಡಿಯುತ್ತಿದ್ದೆ.

ಕೋಟೆ ಕೆಳಗಿನವನು (ಚಿತ್ರದುರ್ಗ)

ಅಮ್ಮನಿಗೆ ವರ್ಷ ಗೊತ್ತಿಲ್ಲ. 'ನಿನ್ನ ತಂಗಿ ಹೊಟ್ಟೆಯಲ್ಲಿದ್ದಳು, ಮಾವಿನಕಾಯಿ ಕಾಲ' ಅಂದರು. ಹಾಗಾದರೆ 1983. ಬರೆದೆ ಮೇಷ್ಟ್ರೇ.